ಸಾರಿಗೂ ಕೈ ಎತ್ತಿದ ಹುಡುಗಿ

ರಾಜಗೋಪಾಲನಗರ,
20 ನವೆಂಬರ್ 1983, ಭಾನುವಾರ

ನಾಗು, ನಿನಗೆ ಅಮ್ಮನ ಆಶೀರ್ವಾದ.

ನಿನ್ನ ಕಾರ್ಡು ತಲುಪಿ ತಿಂಗಳಾಯಿತು. ಎಂದಿನಂತೆ ನಾಲ್ಕು ಸಾಲು. ಆರೋಗ್ಯವಾಗಿದ್ದೀಯ, ಡ್ಯೂಟಿ ಜಾಸ್ತಿ, ದೀಪಾವಳಿಗೆ ರಜೆ ಸಿಗುವುದಿಲ್ಲ, ಸಂಬಂಧದ ವಿಷಯ "ನಿಮ್ಮಿಷ್ಟ". ತುಮಕೂರಿನ ಟೆಲಿಫೋನ್ ಆಫೀಸಿನಲ್ಲಿ ಕೂತು ದಿನವಿಡೀ ಊರವರ ಮಾತನ್ನೆಲ್ಲ ಜೋಡಿಸಿಕೊಡುವ ಹುಡುಗಿ, ಎರಡು ಗಂಟೆ ಬಸ್ಸಿನ ದೂರದಲ್ಲಿರುವ ತಾಯಿಗೆ ನಾಲ್ಕು ಸಾಲಿನ ಮೇಲೆ ಬರೆಯುವುದಿಲ್ಲ. ಇದನ್ನು ಜಗಳ ಎಂದು ಓದಬೇಡ. ಮೊದಲಾಗಿದ್ದರೆ ಜಗಳವನ್ನೇ ಆಡುತ್ತಿದ್ದೆ.

ನಮ್ಮ ಹೆಡ್‌ಮಾಸ್ಟರ್ ಹನುಮಂತರಾಯಪ್ಪನವರ ತಂಗಿ ಮನೆಯವರು ನಿನ್ನನ್ನು ತಮ್ಮ ಮಗನಿಗೆ ಕೇಳಿರುವುದು ನಿನಗೆ ಗೊತ್ತೇ ಇದೆ. ಹುಡುಗ ಪೀಣ್ಯದಲ್ಲಿ ಫಿಟರ್, ದುಶ್ಚಟಗಳಿಲ್ಲ, ಸ್ವಂತ ಮನೆ. ಅವರು ನಮ್ಮ ಮಾತಿಗೆ ಕಾಯುತ್ತಿದ್ದಾರೆ. ಅದರ ಬಗ್ಗೆ ಬರೆಯಲೆಂದೇ ಕೂತೆ, ಆದರೆ ಅದಕ್ಕೆ ಮೊದಲು ಬೇರೆ ಒಂದು ವಿಷಯ ಹೇಳಬೇಕು.

ಅಕ್ಟೋಬರ್‌ನಿಂದ ನಮಗೆಲ್ಲ ಒಂದು ತರಬೇತಿ ನಡೆಯಿತು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ, ಆರು ವಾರ. ಮಕ್ಕಳ ಮನಸ್ಸಿನ ತೊಂದರೆಗಳನ್ನು ಮೇಷ್ಟ್ರುಗಳು ಗುರುತು ಹಿಡಿಯುವುದು ಹೇಗೆ, ಹಿಡಿದ ಮೇಲೆ ಏನು ಮಾಡಬೇಕು ಎಂದು. ಹೇಳಿಕೊಡಲು ಮಾನಸಿಕ ಆಸ್ಪತ್ರೆಯಿಂದ ಒಬ್ಬ ಡಾಕ್ಟರಮ್ಮ ಬರುತ್ತಿದ್ದರು. ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು, ಹತ್ತಿಯ ಸೀರೆ, ದೊಡ್ಡ ಕನ್ನಡಕ. ಹೆಡ್‌ಮಾಸ್ಟರು ಮೊದಲ ದಿನವೇ ನನ್ನ ಕಡೆ ತಿರುಗಿ "ಅಲ್ಲ ಅಶ್ವತ್ಥಮ್ಮ, ಮಕ್ಳಿಗೆ ಹುಚ್ಚಾ, ನಮ್ಗಾ? ಮೊದ್ಲು ಅದನ್ನ ಕೇಳ್ರೀ" ಎಂದು ನಗಿಸಿದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಶನಿವಾರ ಮಧ್ಯಾಹ್ನ ಹಾಳಾಯಿತಲ್ಲ ಎಂಬ ಸಿಟ್ಟು ನನಗೆ.

ಡಾಕ್ಟರಮ್ಮ ಕೊಟ್ಟ ಮೊದಲ ಕೆಲಸ ಕೇಳು. ಕ್ಲಾಸಿನಲ್ಲಿ ನಮಗೆ ತಲೆನೋವಾಗಿರುವ ಒಂದು ಮಗುವಿನ ಬಗ್ಗೆ ಅರ್ಧ ಪುಟ ಬರೆಯಬೇಕು. ಆದರೆ ಜಾಣ, ದಡ್ಡ, ತುಂಟ, ಸೋಮಾರಿ, ಒಳ್ಳೆಯವಳು, ಸುಳ್ಳುಗಾತಿ, ಈ ಪದಗಳನ್ನು ಬಳಸಬಾರದು. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು. ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು ನಾನು, ಇದೇನು ಮಹಾ ಎಂದು ಬರೆದೆ. ಆಮೇಲೆ ಅವರು ಹೇಳಿದ ಪದಗಳನ್ನೆಲ್ಲ ಹೊಡೆದು ಹಾಕಿ ನೋಡಿದರೆ ಉಳಿದದ್ದು "ಈಶ್ವರಿ, ನಾಲ್ಕನೇ ತರಗತಿ" ಅಷ್ಟೇ. ಮುಖ ಎಲ್ಲಿಡಲಿ ಹೇಳು.

ಈಶ್ವರಿ ಮುನಿಯಣ್ಣನ ಮಗಳು. ಅವನು ನಮ್ಮ ಶಾಲೆಯ ಎದುರಿನ ಫ್ಯಾಕ್ಟರಿಯಲ್ಲಿ ಪ್ರೆಸ್ ಮೆಷಿನ್ ಮೇಲೆ ಕೆಲಸ ಮಾಡುತ್ತಾನೆ. ಹೋದ ವರ್ಷ ಮೆಷಿನ್ನಿಗೆ ಬಲಗೈಯ ಎರಡು ಬೆರಳು ಹೋದವು. ಈ ಹುಡುಗಿ ಮಧ್ಯಾಹ್ನ ಎರಡು ಗಂಟೆಗೆ, ನಾನು ಲೆಕ್ಕ ಶುರು ಮಾಡುವ ಹೊತ್ತಿಗೆ ಸರಿಯಾಗಿ, "ಮಿಸ್, ನೀರ್ ಕುಡ್ದು ಬತ್ತೀನಿ" ಎಂದು ಎದ್ದು ನಿಲ್ಲುತ್ತಿದ್ದಳು. ಕೆಲವು ದಿನ ಕೇಳುತ್ತಲೇ ಇರಲಿಲ್ಲ, ಆ ದಿನಗಳಲ್ಲಿ ಬೆಳಿಗ್ಗೆಯಿಂದ ತೂಕಡಿಸುತ್ತಿದ್ದಳು. ಲೆಕ್ಕ ತಪ್ಪಿಸಿಕೊಳ್ಳುವ ಕಳ್ಳಿ ಎಂದು ನಾನು ತೀರ್ಮಾನ ಮಾಡಿದ್ದೆ. ಒಂದು ಸಲ ಬೆಂಚಿನ ಮೇಲೆ ನಿಲ್ಲಿಸಿದೆ, ಇನ್ನೊಂದು ಸಲ ಬಾಗಿಲ ಚಿಲಕವನ್ನೇ ಹಾಕಿದೆ. ಆ ದಿನ ಅವಳು ಚಿಲಕ ನೋಡುತ್ತಾ ಉಗುರು ಕಚ್ಚಿ ರಕ್ತ ಬರಿಸಿಕೊಂಡಳು. ಅದಕ್ಕೂ ಬೈದೆ.

ಡಾಕ್ಟರಮ್ಮ ದಿನಾ ಬರೆಯಿರಿ ಎಂದಿದ್ದಕ್ಕೆ ಒಂದು ನೋಟ್‌ಬುಕ್ ಇಟ್ಟೆ. ಮೂರು ವಾರ ಆಗುವ ಹೊತ್ತಿಗೆ ನನಗೇ ಕಂಡಿತು. ಒಂದು ವಾರ ಪೂರ್ತಿ ನೀರು ಕೇಳುತ್ತಾಳೆ, ಮರುವಾರ ಪೂರ್ತಿ ತೂಕಡಿಸುತ್ತಾಳೆ, ಅದರ ಮರುವಾರ ಮತ್ತೆ ನೀರು. ಆಯಾ ಮಾರಕ್ಕನಿಗೆ ಇದನ್ನು ಹೇಳಿದೆ. ಅವಳು ಪೊರಕೆ ಊರಿಕೊಂಡು ನಿಂತು, "ನೀರು ಎಲ್ ಕುಡೀತಾಳಮ್ಮ? ಸೈರನ್ನು ಆದೇಟ್ಗೆ ಗೋಡೆ ಹತ್ತಿ ಫ್ಯಾಕ್ಟ್ರಿ ಗೇಟ್ ನೋಡ್ತಾಳೆ. ಅಪ್ಪ ಆಚ್ಗೆ ಬಂದ ಅಂದ್ರೆ ಇಳ್ದು ಓಡ್ಬತ್ತಾಳೆ. ಅಂಗೇ ಮಾಡಾದು ವರ್ಸದಿಂದ" ಎಂದಳು. ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಿದ್ರಾ ಎಂದಳು.

ಎರಡು ಗಂಟೆಯ ಸೈರನ್ ಮೊದಲ ಶಿಫ್ಟ್ ಬಿಡುವ ಸೈರನ್ ಎಂದು ನನಗೆ ಗೊತ್ತಿರಲಿಲ್ಲವೆ? ಗಡಿಯಾರ ಕೆಟ್ಟಾಗೆಲ್ಲ ನಮ್ಮ ಶಾಲೆಯ ಗಂಟೆ ಹೊಡೆಯುವುದೇ ಆ ಸೈರನ್ ಕೇಳಿ. ಮುನಿಯಣ್ಣನಿಗೆ ಮೊದಲ ಶಿಫ್ಟ್ ಇದ್ದ ವಾರ ಮಗು ಗೋಡೆ ಹತ್ತುತ್ತದೆ. ಎರಡನೇ ಶಿಫ್ಟಿನ ವಾರ ಅವನು ರಾತ್ರಿ ಮನೆಗೆ ಬರುವ ತನಕ ಕಣ್ಣು ಮುಚ್ಚುವುದಿಲ್ಲ. ಬೆರಳು ಹೋದ ದಿನ ಅಪ್ಪನಿಗೆ ಊಟದ ಕ್ಯಾರಿಯರ್ ಕೊಡಲು ಗೇಟಿನ ಹತ್ತಿರ ಹೋಗಿದ್ದವಳು ಅವಳೇ ಅಂತೆ. ರಕ್ತವಾದ ಬಟ್ಟೆ ಸುತ್ತಿ ಅವನನ್ನು ಆಟೋಗೆ ಹತ್ತಿಸಿದ್ದನ್ನು ನೋಡಿದ್ದಾಳೆ. ಆಮೇಲೆ ಮನೆಯಲ್ಲಿ ಯಾರೂ ಆ ಮಾತೇ ಎತ್ತಿಲ್ಲ. ಮುನಿಯಣ್ಣ ಮಕ್ಕಳ ಎದುರಿಗೆ ಆ ಕೈಗೆ ಟವೆಲ್ ಸುತ್ತಿಕೊಂಡೇ ಇರುತ್ತಿದ್ದ.

ಡಾಕ್ಟರಮ್ಮ ಹೇಳಿದಂತೆ ಅವನನ್ನು ಕರೆಸಿ ಮಾತಾಡಿದೆ. "ಹೆದ್ರುಕೋತವೆ ಅಂತ ಮುಚ್ಚಿಟ್ಟೆ ಮಿಸ್" ಎಂದು ಅಳುವ ಹಾಗಾದ. ಟವೆಲ್ ತೆಗೆ, ಮಗಳಿಗೆ ಕೈ ತೋರಿಸು, ಏನಾಯಿತು ಎಂದು ನಿನ್ನ ಬಾಯಲ್ಲೇ ಹೇಳು ಎಂದೆ. ಹೇಳಿದನಂತೆ. ಈಗ ಅವನು ಶಿಫ್ಟ್ ಬಿಟ್ಟ ಕೂಡಲೇ ಗೇಟಿನಲ್ಲಿ ನಿಂತು ಅದೇ ಕೈ ಎತ್ತುತ್ತಾನೆ. ಎರಡು ಗಂಟೆಗೆ ನಾನೇ "ಹೋಗಿ ಬಾ ಈಶ್ವರಿ" ಎನ್ನುತ್ತೇನೆ. ಗೋಡೆ ಹತ್ತುವುದು ಬೇಡ, ಕಿಟಕಿಯಿಂದಲೇ ಕಾಣುತ್ತದೆ. ನೋಡಿ ಬಂದು ಕೂತು ಲೆಕ್ಕ ಮಾಡುತ್ತಾಳೆ. ಭಾಗಾಕಾರ ಇನ್ನೂ ತಪ್ಪುತ್ತದೆ, ಅದು ಬೇರೆ ವಿಷಯ. ಉಗುರು ಕಚ್ಚುವುದು ನಿಂತಿಲ್ಲ. ಪೂರ್ತಿ ಸರಿಹೋಗಲು ಕಾಲ ಬೇಕು, ಬೇಕಾದರೆ ಆಸ್ಪತ್ರೆಗೆ ಕರೆತನ್ನಿ ಎಂದಿದ್ದಾರೆ ಡಾಕ್ಟರಮ್ಮ.

ಇಷ್ಟನ್ನೂ ನಾನು ಹೆಮ್ಮೆಗೆ ಬರೆಯಲಿಲ್ಲ. ಈಗ ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ.

ನಾಲ್ಕನೇ ಶನಿವಾರ ಟೀ ಕುಡಿಯುವಾಗ ಎಲ್ಲರೂ ತಮ್ಮ ತಮ್ಮ ಮಕ್ಕಳ ತಮಾಷೆ ಹೇಳುತ್ತಿದ್ದರು. ನಾನೂ ನಿನ್ನದನ್ನು ಹೇಳಿದೆ. ಎಷ್ಟೋ ಮದುವೆ ಮನೆಗಳಲ್ಲಿ ಹೇಳಿ ನಗಿಸಿದ ಕಥೆಯೇ. ನೀನು ನಾಲ್ಕನೇ ಕ್ಲಾಸಿನಲ್ಲಿ ನನ್ನ ಹತ್ತಿರವೇ ಓದಿದ್ದು, ಶಾಲೆಯಲ್ಲಿ ಎಲ್ಲರ ಹಾಗೆ ನನ್ನನ್ನು ಮಿಸ್ ಅನ್ನಬೇಕು ಎಂದು ನಾನು ಹೇಳಿದ್ದು, ನೀನು ಮನೆಗೆ ಬಂದರೂ ಮಿಸ್ ಅನ್ನುತ್ತಿದ್ದುದು, ಊಟಕ್ಕೆ ಕೂತು ಸಾರು ಬೇಕಾದರೂ ಕೈ ಎತ್ತುತ್ತಿದ್ದುದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಡಾಕ್ಟರಮ್ಮ ನಗಲಿಲ್ಲ. ಲೋಟ ಕೆಳಗಿಟ್ಟು, "ಆ ವರ್ಷ ಮನೇಲಿ ಏನಾದ್ರೂ ಆಗಿತ್ತಾ ಮೇಡಂ?" ಎಂದು ಮೆಲ್ಲಗೆ ಕೇಳಿದರು.

ಏನೂ ಇಲ್ಲ ಎಂದುಬಿಟ್ಟೆ. ಹಾಗೆಂದೆ, ನಾಗು. ಏಪ್ರಿಲ್‌ನಲ್ಲಿ ನಿಮ್ಮಪ್ಪ ಕಾಮಾಲೆಯಿಂದ ಹೋಗಿದ್ದರು, ಜೂನ್‌ನಲ್ಲಿ ನೀನು ನನ್ನ ಕ್ಲಾಸಿಗೆ ಬಂದೆ, ಮತ್ತು ನಾನು ಏನೂ ಆಗಿರಲಿಲ್ಲ ಎಂದೆ.

ಮನೆಗೆ ಬಂದು ನಿನ್ನ ಆ ವರ್ಷದ ಪ್ರೋಗ್ರೆಸ್ ಕಾರ್ಡು ಹುಡುಕಿ ತೆಗೆದೆ. ನನ್ನದೇ ಕೈಬರಹ. "ನಡತೆ: ಬಹಳ ಒಳ್ಳೆಯದು. ಶಾಂತ ಸ್ವಭಾವ." ನೀನು ಅಳಲಿಲ್ಲ ಎಂದು ನಾನು ಬೀಗಿದ್ದೆ. ಒಂಬತ್ತು ವರ್ಷದ ಹುಡುಗಿ ಎಷ್ಟು ತಿಳಿವಳಿಕಸ್ಥೆ ಎಂದು ಊರೆಲ್ಲ ಹೇಳಿಕೊಂಡು ಬಂದೆ. ಆ ಪದಗಳನ್ನು ಹೊಡೆದು ಹಾಕಿ, ಕಣ್ಣಿಗೆ ಕಂಡದ್ದನ್ನು ಮಾತ್ರ ನೆನೆಸಿಕೊಳ್ಳಲು ಕೂತೆ. ನೀನು ಬುತ್ತಿಯ ಅನ್ನವನ್ನು ಮಾರಕ್ಕನ ನಾಯಿಗೆ ಹಾಕುತ್ತಿದ್ದೆ. ನಿನ್ನ ಎರಡು ಲಂಗ ಸೊಂಟದಲ್ಲಿ ನಿಲ್ಲದೆ ನಾನೇ ಪಿನ್ ಹಾಕಿದ್ದೆ. ಸಂಜೆ ನಾನು ಕಾಪಿ ತಿದ್ದುತ್ತಾ ಕೂತರೆ ನೀನು ಎದುರಿಗೆ ಬಂದು ಕೂರುತ್ತಿದ್ದೆ, ಕೈ ಎತ್ತುತ್ತಿದ್ದೆ. ಆ ವರ್ಷ ನಾನು ತಲೆ ಎತ್ತಿ ನೋಡುತ್ತಿದ್ದುದು ಕೈ ಎತ್ತಿದ ಮಕ್ಕಳನ್ನು ಮಾತ್ರ, ಅದು ನಿನಗೆ ಗೊತ್ತಿತ್ತು. ನಾನು ಅದನ್ನು ತಮಾಷೆ ಮಾಡಿ ಹನ್ನೊಂದು ವರ್ಷ ಹೇಳಿದೆ. ನನಗೆ ತುಂಬಾ ನೋವಾಗಿದೆ, ಮಗಳೇ. ನಿನಗೆ ಆಗ ಎಷ್ಟಾಗಿತ್ತೋ.

ಒಂದು ದಿನ ನೀನು ಹಾಗೆ ಕೈ ಎತ್ತಿ, "ಅಪ್ಪನ ಚಪ್ಪಲಿ ಯಾರಿಗ್ ಕೊಟ್ರಿ ಮಿಸ್?" ಎಂದು ಕೇಳಿದ್ದೆ. ಊಟ ಮಾಡು ಎಂದು ಗದರಿದೆ. ನೀನು ಮತ್ತೆ ಕೇಳಲಿಲ್ಲ. ಉತ್ತರ ಈಗ ಬರೆಯುತ್ತೇನೆ: ಯಾರಿಗೂ ಕೊಟ್ಟಿಲ್ಲ. ನನ್ನ ಟ್ರಂಕಿನ ತಳದಲ್ಲಿ ಪೇಪರ್ ಸುತ್ತಿ ಇಟ್ಟಿದ್ದೇನೆ. ನಿನಗೆ ತೋರಿಸಿದರೆ ನಾನೇ ಅತ್ತುಬಿಡುತ್ತೇನೆ, ಅತ್ತರೆ ಮರುದಿನ ಕ್ಲಾಸಿಗೆ ಹೋಗಲು ಆಗುವುದಿಲ್ಲ ಎಂದು ಹೆದರಿದ್ದೆ.

ಈಗ ನಿನ್ನ "ನಿಮ್ಮಿಷ್ಟ"ದ ಮಾತು. ಓಣಿಯ ಮಕ್ಕಳೆಲ್ಲ ತಾಯಿಗೆ ನೀನು ಅನ್ನುತ್ತಾರೆ, ನೀನು ಮಾತ್ರ ನೀವು ಅನ್ನುತ್ತೀಯ. ಮಿಸ್ಸಿಗೆ ಹೇಳಿದ ಹಾಗೆ. ಮದುವೆ ಆಗುವವಳು ನೀನು. ನನಗೊಂದು ಕಾಗದ ಬರಿ. ಅರ್ಧ ಪುಟವಾದರೂ ಇರಲಿ. ಚೆನ್ನಾಗಿದ್ದೇನೆ, ಆಗಲಿ, ಸರಿ, ನಿಮ್ಮಿಷ್ಟ, ಈ ಪದಗಳನ್ನು ಬಳಸಬಾರದು. ಬೆಳಿಗ್ಗೆ ಏನು ತಿನ್ನುತ್ತೀಯ, ಯಾರ ಜೊತೆ ಊಟಕ್ಕೆ ಕೂರುತ್ತೀಯ, ಹಬ್ಬಕ್ಕೆ ಯಾಕೆ ಬರಲಿಲ್ಲ, ಈ ಹುಡುಗ ಬೇಕೋ ಬೇಡವೋ, ಬೇರೆ ಯಾರಾದರೂ ಇದ್ದಾರೋ, ಮದುವೆಯೇ ಬೇಡವೋ. ಬೈದು ಬರೆದರೂ ಓದುತ್ತೇನೆ. ಅಕ್ಷರದ ತಪ್ಪು ತಿದ್ದುವುದಿಲ್ಲ.

ಇಂತಿ,
ನಿನ್ನ ಅಮ್ಮ
(ಮಿಸ್ ಅಲ್ಲ)

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅವರು ನಮ್ಮ ಮಾತಿಗೆ ಕಾಯುತ್ತಿರಲಿಲ್ಲ. ನಿನ್ನ ಕಾರ್ಡು ನೋಡಿ ಹುಡುಗಿ ಒಪ್ಪಿದ್ದಾಳೆ ಎಂದು ನಾನೇ ಹೇಳಿ, ದೀಪಾವಳಿಯ ದಿನ ತಾಂಬೂಲ ತೆಗೆದುಕೊಂಡಿದ್ದೆ. ನಿನಗೆ ತಿಳಿಸಬೇಕು ಎಂದೂ ಅನ್ನಿಸಿರಲಿಲ್ಲ. ನಿನ್ನೆ ತರಬೇತಿ ಮುಗಿಸಿಕೊಂಡು ನೇರ ಅವರ ಮನೆಗೆ ಹೋಗಿ, ತೆಂಗಿನಕಾಯಿ, ಕುಪ್ಪಸದ ಕಣ ಎಲ್ಲವನ್ನೂ ತಟ್ಟೆಯಲ್ಲಿಟ್ಟು ವಾಪಸ್ಸು ಕೊಟ್ಟು ಬಂದೆ. ಎಲೆ ಬಾಡಿಹೋಗಿತ್ತು, ಹೊಸ ಎಲೆ ಕೊಂಡು ಇಟ್ಟೆ. ನನ್ನ ಮಗಳನ್ನು ಇನ್ನೂ ಕೇಳಿಲ್ಲ ಎಂದೆ. ಹೆಡ್‌ಮಾಸ್ಟರು ಅಲ್ಲೇ ಇದ್ದರು, ಮುಖ ತಿರುಗಿಸಿ ಎದ್ದು ಹೋದರು. ನಾಳೆ ಶಾಲೆಯಲ್ಲಿ ಏನು ಕಾದಿದೆಯೋ ನೋಡೋಣ. ನಿನಗೆ ಹುಡುಗ ಬೇಕಾಗಿದ್ದರೆ ನಾನೇ ಮತ್ತೆ ಹೋಗಿ ಬಾಗಿಲಲ್ಲಿ ನಿಂತು ಕೇಳುತ್ತೇನೆ, ಅದಕ್ಕೆ ನಾಚಿಕೆ ಪಡುವುದಿಲ್ಲ. ಕಾಗದ ಬರುವ ತನಕ ಯಾರಿಗೂ ಮಾತು ಕೊಡುವುದಿಲ್ಲ. ಒಳಗೆ ಸ್ಟಾಂಪ್ ಹಚ್ಚಿದ ಕವರ್ ಇಟ್ಟಿದ್ದೇನೆ, ಕಾರ್ಡಿನಲ್ಲಿ ಬರೆಯಬೇಡ.