ನಾನೇ ಅಂಗಾತ ಬಿದ್ದದ್ದು

ಸಯನ್, ಮುಂಬಯಿ
ಬುಧವಾರ, ೧೯೫೬

ಅಳಿಯ ಶಂಕ್ರೆಪ್ಪಾ, ನಿನಗೂ ಅಕ್ಕನಿಗೂ ಇಲ್ಲಿಂದಲೇ ಶರಣು.

ದಾದರಿನ ಒಂದು ವ್ಯಾಯಾಮಶಾಲೆಯಲ್ಲಿ ನಮ್ಮ ಧಾರವಾಡದ ಕಡೆಯ ಡಾಕ್ಟರೊಬ್ಬರು ಪೈಲವಾನರ ತೊಡೆಯ ಹಿಂದಿನ ಬಲ ಅಳೆಯುತ್ತಾರೆ. ಹಿಮ್ಮಡಿಗೆ ಪಟ್ಟಿ ಕಟ್ಟಿ, ಅದನ್ನು ಕಾಳಿನ ಚೀಲ ತೂಗುವಂಥ ಸ್ಪ್ರಿಂಗಿನ ಕಾಟಾಕ್ಕೆ ಸಿಕ್ಕಿಸುತ್ತಾರೆ. ಮೊಣಕಾಲು ಮಡಚಿ ಎಳೆಯಬೇಕು. ನಿನ್ನೆ ನಾನೂ ಅಲ್ಲಿಗೆ ಹೋಗಿದ್ದೆ. ಮೇಜಿನ ಮೇಲೆ ಮಲಗಿ ಎಂದು ಡಾಕ್ಟರು ಹೇಳಿದಾಗ ನಾನು ಮೀಸೆ ತಿರುವಿ, "ಮಣ್ಣಿನ್ಯಾಗ ಯಾರೂ ನನ್ನ ಅಂಗಾತ ಕೆಡವಿಲ್ರಿ, ಮೇಜಿನ ಮ್ಯಾಲೆ ಮಕ್ಕೋತೀನೇನು?" ಎಂದೆ.

"ಅಂಗಾತ ಅಲ್ರೀ ಕಾಕಾ, ಡಬ್ಬ ಮಕ್ಕೋರಿ," ಎಂದರು.

ಬೋರಲು ಮಲಗಿ ಜೋರಾಗಿ ಎಳೆದೆ. ಮುಳ್ಳು ತುಸು ಸರಿಯುವಷ್ಟರಲ್ಲಿ ತೊಡೆಯ ಹಿಂದೆ ನರ ಹಿಡಿದು, ಅಯ್ಯೋ ಎನ್ನುತ್ತ ನಾನೇ ಹೊರಳಿ ಅಂಗಾತ ಬಿದ್ದೆ. ನೆರೆದ ಪೈಲವಾನರು ಚಪ್ಪಾಳೆ ತಟ್ಟಿದರು.

"ಬರೇ ಬಸ್ಕಿ ಹೊಡದು ಮುಂದಿನ ತೊಡಿ ಕಂಬ ಮಾಡೀರಿ, ಹಿಂದ ಏನೂ ಇಲ್ಲ," ಎಂದರು ಡಾಕ್ಟರು.

ಆ ಬಸ್ಕಿಯನ್ನೇ ನಿನಗೂ ಕಲಿಸಿದೆ. ಅದೇ ಜಾಗ ನೋಯುತ್ತದೆ ಎಂದು ನೀನು ಹೇಳಿದರೆ, ಸೋಲಿನ ಭಯಕ್ಕೆ ನೆವ ಎಂದು ಗರಡಿಯವರೆದುರು ಹಂಗಿಸಿದೆ. ತಲೆ ಎತ್ತಲಾರದಷ್ಟು ನಾಚಿಕೆಯಾಗಿದೆ. ಸೋಮವಾರದ ಕುಸ್ತಿಗೆ ಇಳಿಯಬೇಡ, ಸ್ನಾಯು ಹರಿದೀತಂತೆ. ನನ್ನ ಕಾಲಿಗೆ ಮಗಳು ಕಾಶವ್ವ ಶಾಖ ಕೊಡುತ್ತಿದ್ದಾಳೆ, ಚಿಂತೆಯಿಲ್ಲ.

ಡಬ್ಬಿಯಿಂದ ಟಪಾಲು ತೆಗೆಯುವ ಹೊತ್ತಾಯಿತು. ಇದನ್ನು ಲಕೋಟೆಯಲ್ಲಿ ಬರೆಯಬಹುದಿತ್ತು. ನಮ್ಮೂರ ಟಪಾಲಿನ ಚನ್ನಬಸಯ್ಯ ದಾರಿಯಲ್ಲೇ ಓದಿ ಗರಡಿಗೆಲ್ಲ ಹೇಳಲಿ ಎಂದೇ ಕಾರ್ಡಿನಲ್ಲಿ ಬರೆದೆ.

ನಿನ್ನ ಮಾವ
ಅಡಿವೆಪ್ಪ