ಅಪ್ಪ ಸವರಿ ನೋಡಿದ ವೈರು

ತಮ್ಮಾ,

ಬಂದ ತಕ್ಷಣ ಲೈಟು ಹಾಕೋಕೆ ಹೋಗಬೇಡ. ಮೇನ್ ಫ್ಯೂಸ್ ಕಿತ್ತು ನನ್ನ ಬ್ಯಾಗಿಗೆ ಹಾಕ್ಕೊಂಡಿದ್ದೀನಿ. ಬಚ್ಚಲಲ್ಲಿ ಅಮ್ಮನಿಗೆ ಶಾಕ್ ಹೊಡೆದಿದೆ. ಆಸ್ಪತ್ರೆಗೆ ಸೇರಿಸಿದ್ದೀವಿ, ಇನ್ನೂ ಕಣ್ಣು ಬಿಟ್ಟಿಲ್ಲ. ಅವಳ ಬಟ್ಟೆಗೆ ಅಂತ ಬಂದಿದ್ದೆ, ಮತ್ತೆ ಅಲ್ಲಿಗೇ ಹೊರಟೆ.

ಬಚ್ಚಲಿಗೆ ಹಾಕಿದ್ದು ಕೆಡವೋ ಹಾಸ್ಟೆಲಿನ ಗೋಡೆ ಪೈಪಿಂದ ನೀನು ಎಳೆದು ತಂದ ವೈರೇ. ಹಳೇದು ಹಾಕಿದ್ದಕ್ಕೆ ನಾನು ಬೈತಿಲ್ಲ, ಈ ಮನೆ ಲೈಟೆಲ್ಲ ಅಂಥದ್ದರಲ್ಲೇ ಉರಿಯೋದು. ಎಳೆದ ವೈರನ್ನ ಅಪ್ಪ ಬೆರಳ ಸಂದಿಯಲ್ಲಿ ಸವರಿ "ಗೀರಿಲ್ಲ" ಅಂದರೆ ಮುಗೀತು, ಮತ್ತೆ ಯಾರೂ ನೋಡಲ್ಲ. ಆದರೆ ಲಕ್ವ ಹೊಡೆದ ಮೇಲೆ ಆ ಬೆರಳಿಗೆ ಬಿಸಿ ಲೋಟವೂ ತಿಳಿಯಲ್ಲ ಅಂತ ನಿನಗೆ ಗೊತ್ತಿತ್ತಲ್ಲ. ನೀನೇ ಇನ್ನೊಂದು ಸಲ ನೋಡು ಅಂತ ನಾನಂದರೆ, "ಅಪ್ಪನ ಮನಸ್ಸು ನೋಯುತ್ತೆ, ಸುಮ್ಮನಿರಕ್ಕ" ಅಂದೆ. ಈಗ ಹೋಗಿ ಅಮ್ಮನ ಕೈ ನೋಡು.

ಸ್ವಿಚ್ಚು ಕೆಟ್ಟಿತ್ತು ಅಂತ ಅಪ್ಪನಿಗೆ ಹೇಳಿದ್ದೀನಿ. ನೀನೂ ಅದನ್ನೇ ಹೇಳು. ಊಟ ಮುಚ್ಚಿಟ್ಟಿದ್ದೀನಿ, ಅಪ್ಪನ ಪಕ್ಕದಲ್ಲಿ ಕೂತು ತಿನ್ನಿಸು, ಬೆಳಿಗ್ಗೆಯಿಂದ ಏನೂ ಮುಟ್ಟಿಲ್ಲ. ಓದಿದ ಮೇಲೆ ಈ ಚೀಟಿ ಹರಿದು ಹಾಕು.

ಉಳಿದ ವೈರಿನ ಸುರುಳಿಯನ್ನ ಮೊದಲು ಅವರ ಕೈಯಿಂದ ತಗೋ. ಈಗಲೂ ಅದನ್ನ ತೊಡೆ ಮೇಲೆ ಹಾಕ್ಕೊಂಡು ಸವರ್ತಾ ಕೂತಿದ್ದಾರೆ. ನನ್ನನ್ನ ಕರೆದು, "ನೋಡು ಮಗಳೇ, ಚೆನ್ನಾಗೇ ಇದೆ, ಎಲ್ಲೂ ಒಂದು ಗೀರಿಲ್ಲ" ಅಂದರು.

ಅವರ ಹೆಬ್ಬೆರಳು ಪ್ಲಾಸ್ಟಿಕ್ ಹರಿದು ಕಾಣ್ತಿದ್ದ ತಾಮ್ರದ ಮೇಲೇ ಇತ್ತು.

ಅಕ್ಕ