ಎದುರುಬದುರು ಬಾಣಗಳು

ನನ್ನ ಹೊಟ್ಟೆ ಉರಿಸಿದಷ್ಟೇ ನನಗೆ ಕಲಿಸಿದ ಶುಭಾಂಗಿ ಅಕ್ಕಾ,

ಖಾನಾಪುರದಿಂದ ನೀವು ಲ್ಯಾಬಿಗೆ ಮಣ್ಣು ತಂದ ದಿನ ನೆನಪಿದೆಯೇ? ನಿಮ್ಮ ಮನೆ ಹಿಂದಿನ ಗದ್ದೆಯ ಮಣ್ಣು, ಅದೂ ಊಟದ ಡಬ್ಬಿಯ ಮೇಲಿನ ಖಾನೆಯಲ್ಲಿ! "ತಳದಾಗ ಝುಣಕಾ ಭಾಕರಿ ಐತಿ, ಮ್ಯಾಲ ಮಣ್ಣೈತಿ. ನೋಡಿ ತಗೀ ಮತ್ತ" ಎಂದು ನಕ್ಕಿರಿ. ನಾನು ಮಚ್ಛೆ, ಹಿಂಡಲಗಾ ಎಂದು ಸಿಕ್ಕಸಿಕ್ಕಲ್ಲಿ ಅಗೆದು ಎರಡು ವರ್ಷ ಬರಿಗೈಯಲ್ಲಿ ಕುಳಿತಿದ್ದೆ. ನಿಮಗೆ ಆ ಒಂದೇ ಡಬ್ಬಿ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಹೊಸ ಕಿಣ್ವ ಸಿಕ್ಕಿತು. ಡಿಎನ್‌ಎಯ ಉದ್ದ ದಾರದಲ್ಲಿ ತನ್ನ ಎರಡು ಗುರುತುಗಳನ್ನಷ್ಟೇ ಹುಡುಕಿ, ಅಲ್ಲೇ ಕತ್ತರಿಸಿ, ಅಲ್ಲೇ ಜೋಡಿಸುವ ಕಿಣ್ವ. ಅಂಥದ್ದಿದ್ದರೆ ಬೇಕಾದ ಜೀನನ್ನು ಬೇಕಾದ ಜಾಗದಲ್ಲೇ ಕೂಡಿಸಬಹುದು. ಎಲ್ಲರೂ ಸಿಹಿ ಕುಂದಾ ಹಂಚಿ ತಿಂದರು. ನಾನು ಮಾತ್ರ ನನ್ನ ಪಾಲನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟೆ.

ಆ ಬೇಸಿಗೆಯ ಒಂದು ಮಧ್ಯಾಹ್ನ ನೀವು ಚಹಾಕ್ಕೆ ಹೋಗಿದ್ದಿರಿ, ನೋಟ್‌ಬುಕ್ ತೆರೆದೇ ಇತ್ತು. ಕಿಣ್ವ ಕೆಲಸ ಮಾಡಿದರೆ ಗುರುತುಗಳ ನಡುವಿನ ತುಂಡು ಹೊರಬಿದ್ದು ದಾರ ಗಿಡ್ಡವಾಗಬೇಕಿತ್ತು. ತಿಂಗಳುಗಟ್ಟಲೆ ಅಳೆದರೂ ಉದ್ದ ಅಷ್ಟೇ ಇರುತ್ತಿತ್ತು. ಎರಡು ಗುರುತುಗಳ ದಿಕ್ಕು ತೋರಿಸಲು ನೀವು ಪೆನ್ಸಿಲಿನಲ್ಲಿ ಬರೆದ ಬಾಣಗಳನ್ನು ನೋಡಿದೆ. ಎರಡೂ ಒಂದೇ ದಿಕ್ಕಿಗಿರಬೇಕಿತ್ತು, ನಿಮ್ಮವು ಎದುರುಬದುರು ಇದ್ದವು. ಹಾಗೆ ಕಟ್ಟಿದರೆ ತುಂಡು ಹೊರಬೀಳದೆ ಇದ್ದಲ್ಲೇ ತಿರುವುಮುರುವಾಗುತ್ತದೆ, ಉದ್ದ ಬದಲಾಗುವುದಿಲ್ಲ. ನಿಮ್ಮ ಕಿಣ್ವ ಕೆಲಸ ಮಾಡುತ್ತಲೇ ಇದ್ದಿರಬಹುದು, ನೀವು ಬರೀ ಉದ್ದ ಅಳೆಯುತ್ತಿದ್ದಿರಿ! ಅಷ್ಟರಲ್ಲಿ ಬಂದು "ಏನ್ ನೋಡಾಕತ್ತೀ?" ಎಂದಿರಿ.

"ಏನಿಲ್ರಿ ಅಕ್ಕಾ" ಎಂದೆ.

ಒಂದು ವಾರ ಒದ್ದಾಡಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ನಿಜವಾಗಿಯೂ ಒಂದೇ ವಾರ. ಆದರೆ ನಿಮ್ಮ ಮುಖ ಸಪ್ಪಗಾದದ್ದು ನೋಡಿ ನನಗೆ ಒಳಗೊಳಗೇ ಹಿತವಾಗುತ್ತಿತ್ತು. ವಾರ ಹೋಗಿ ತಿಂಗಳುಗಳಾದವು, ಹೇಳಲಿಲ್ಲ.

ನೀವು ಕಾಯಿಲೆ ಬಿದ್ದ ಮೇಲೆ, ಕೊನೆಯ ಸಲ ನಿಮ್ಮ ಮನೆಗೆ ಬಂದಾಗ ನೀವು ಎದ್ದು ಕೂರುವಷ್ಟೂ ಗಟ್ಟಿ ಇರಲಿಲ್ಲ. "ನನ್ನ ಎಂಜೈಮಿನ್ಯಾಗ ಜೀವಾನ ಇರ್ಲಿಲ್ಲ ನೋಡು. ಸುಮ್ನ ವರ್ಷ ಹಾಳ ಮಾಡ್ಕೊಂಡ್ನಿ" ಎಂದಿರಿ. ನಾಲಿಗೆಯ ತುದಿಗೆ ಬಂದಿತ್ತು, ಅಕ್ಕಾ. ಆಗಲೇ ನಿಮ್ಮ ಆಯಿ ಚಹಾ ತಂದು, "ನನ್ನ ಮಗಳು ಶುಭಾನಂಥಾ ಶಾಣ್ಯಾಕಿ ನಿಮ್ಮ ಲ್ಯಾಬಿನ್ಯಾಗ ಮತ್ತ್ಯಾರದಾರ, ಹೇಳು?" ಎಂದರು. ನಾನು ಚಹಾ ಕುಡಿದು ಎದ್ದು ಬಂದೆ. ಹಾಸಿಗೆ ಹಿಡಿದವರ ಮೇಲೂ ಮತ್ಸರಪಡುವವಳನ್ನು ಏನೆಂದು ಬೈಯುತ್ತೀರಿ ನೀವು?

ನೀವು ಹೋದ ಮೇಲೆ ಒಂದು ದಿನ ಫ್ರೀಜರಿನಲ್ಲಿ ನಿಮ್ಮ ಅಕ್ಷರದ ಟ್ಯೂಬುಗಳು ಸಿಕ್ಕವು. ಬಾಣಗಳನ್ನು ಸರಿಪಡಿಸಿ ಹೊಸದಾಗಿ ಮಾಡಿ ನೋಡಿದೆ. ಮೊದಲ ಸಲಕ್ಕೇ ತುಂಡು ಹೊರಬಿತ್ತು. ನಿಮ್ಮ ಹಳೆಯ ಟ್ಯೂಬಿನ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದಿಸಿದರೆ, ಅದರಲ್ಲೂ ತುಂಡು ತಿರುಗಿಯೇ ಇತ್ತು. ನೀವು ಅಳುತ್ತಿದ್ದ ದಿನಗಳಲ್ಲೇ ಗೆದ್ದಿದ್ದಿರಿ. ಸತ್ತ ಮೇಲೂ ನನಗಿಂತ ಒಂದು ಕೈ ಮೇಲೇ! ನಮ್ಮ ಲ್ಯಾಬ್ ನಡೆಸುವ ಸರ್ ಮಾತ್ರ, "ತಪ್ಪು ಹಿಡದಾಕಿ ನೀ. ಲೇಖನಕ್ಕ ಮೊದಲನೇ ಹೆಸರು ನಿಂದ ಇರ್ಲಿ" ಎಂದರು. ಯಾವಾಗ ಹಿಡಿದೆ ಎಂದು ಕೇಳಲಿಲ್ಲ. ಮೂರು ದಿನ ನನ್ನ ಹೆಸರೇ ಮೊದಲಿತ್ತು. ನೋಡಿ ನೋಡಿ ಖುಷಿಪಟ್ಟೆ, ಸುಳ್ಳೇಕೆ ಹೇಳಲಿ?

ನಿನ್ನೆ ಸರ್ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಲೇಖನದ ಪ್ರತಿಯನ್ನು ನನ್ನತ್ತ ತಳ್ಳಿದರು. ಲೇಖನ ಪತ್ರಿಕೆಗೆ ಹೋಯಿತು. ಮೊದಲ ಹೆಸರು ನಿಮ್ಮದು, ಹಾಕಿದವಳು ನಾನೇ. ಅದನ್ನು ಓದುವಾಗ ಈಗಲೂ ಹೊಟ್ಟೆ ಉರಿಯುತ್ತದೆ, ಅಕ್ಕಾ.

ಇವತ್ತು ಆಯಿ ಫೋನ್ ಮಾಡಿದ್ದರು. "ನನ್ನ ಮಗಳ ಕೆಲಸಾ ನೀ ಕೈ ಬಿಡ್ಲಿಲ್ಲ, ಕೂಸ. ರವಿವಾರ ಊಟಕ್ಕ ಬಾ" ಎಂದರು. ಬರುತ್ತೇನೆ. ಅವರು ತಾಟು ಹಾಕುವ ಮೊದಲೇ ಹೇಳುತ್ತೇನೆ: ಶುಭಾ ಅಕ್ಕ ಬದುಕಿದ್ದಾಗಲೇ ನಾನು ಆ ತಪ್ಪನ್ನು ನೋಡಿದ್ದೆ, ಆಯಿ.